ಕಶ್ಕಾಳ ಹಾಲಿನಲ್ಲಿ ನೀಲಿ ಉಂಗುರ

ಆ ಚಳಿಗಾಲವಿಡೀ ಶೈಶೆನ್‌ಗೆ ಜ್ವರ ಬಿಟ್ಟೂ ಬಿಟ್ಟೂ ಬರುತ್ತಿತ್ತು. ಸಂಜೆಯಾದರೆ ಮೈ ಕೆಂಡವಾಗುವುದು, ಬೆಳಗಾಗುವಷ್ಟರಲ್ಲಿ ಹಾಸಿಗೆ ಬೆವರಿನಿಂದ ತೊಯ್ದು ಹೋಗುವುದು. ನೋವು ಮೊದಲು ಮಂಡಿಗೆ ಬಂತು, ಆಮೇಲೆ ಸೊಂಟಕ್ಕೇರಿತು. ಕುದುರೆಯ ಬೆನ್ನ ಮೇಲೇ ಹುಟ್ಟಿದವನಂತೆ ಕೂರುತ್ತಿದ್ದ ಗಂಡಸು, ಹಿಮ ಕರಗುವ ಹೊತ್ತಿಗೆ ಗೋಡೆ ಹಿಡಿದುಕೊಂಡು ಅಂಗಳಕ್ಕೆ ಹೋಗುವಂತಾದ. ಪಟ್ಟಣದ ವೈದ್ಯರೊಬ್ಬರು ವಾತ ಎಂದು ಮುಲಾಮು ಕೊಟ್ಟು ಕಳಿಸಿದರು.

ಅವನ ತಾಯಿ ಉರುಮ್‌ಕಾನ್ ಮಾತ್ರ ತನ್ನದೇ ಔಷಧ ನಡೆಸಿದ್ದಳು. ಕಶ್ಕಾಳ ಹಾಲು ಕರೆದ ಕೂಡಲೇ ನೊರೆಹಾಲನ್ನು ಬಟ್ಟಲಿಗೆ ಸುರಿದು ಮಗನ ಬಾಯಿಗೆ ಹಿಡಿಯುತ್ತಿದ್ದಳು. ಕಶ್ಕಾ ಎಂದರೆ ಹಣೆಯ ಮೇಲೆ ಬಿಳಿ ಪಟ್ಟೆಯಿದ್ದ ಅವರ ಕಂದು ಹಸು. ಇಡೀ ಬೀದಿಯಲ್ಲಿ ಅವಳಷ್ಟು ಹಾಲು ಕೊಡುವ ಹಸು ಇನ್ನೊಂದಿರಲಿಲ್ಲ.

"ಕಾಯಿಸಿ ಕೊಡೋಣ ಅಪಾ," ಎಂದು ಸೊಸೆ ಸೋನುನ್ ಒಮ್ಮೆ ಅತ್ತೆಗೆ ಹೇಳಿ ನೋಡಿದಳು.

"ಕಾಯಿಸಿದ ಹಾಲಲ್ಲಿ ಏನಿರುತ್ತೆ, ನೀರು! ಕೆಚ್ಚಲಿನ ಬಿಸಿ ಆರೋದ್ರೊಳಗೆ ಕುಡಿದ್ರೇನೇ ಮೂಳೆಗೆ ಬಲ. ನಿನ್ನ ಗಂಡನ್ನ ಹೀಗೇ ಸಾಕಿ ಬೆಳೆಸಿದ್ದು ನಾನು."

ಸೋನುನ್ ಸುಮ್ಮನಾದಳು. ಸುಮ್ಮನಾಗಬಾರದ ಹೆಂಗಸು ಅವಳು. ಕರಾಕೋಲ್ ಪಟ್ಟಣದ ಸುತ್ತಲ ಹಳ್ಳಿಗಳಲ್ಲಿ ಹಸುಗಳು ದಿನ ತುಂಬುವ ಮೊದಲೇ ಕಂದು ಹಾಕುತ್ತಿದ್ದವು, ಹಾಲು ಇಳಿಯುತ್ತಿತ್ತು, ಡೈರಿಯಲ್ಲಿ ಮಾಡಿದ ಚೀಸು ಕೆಡುತ್ತಿತ್ತು. ಕಾರಣ ಹುಡುಕಲು ಚಳಿಗಾಲಕ್ಕೂ ಮೊದಲೇ ರಾಜಧಾನಿ ಬಿಷ್ಕೆಕ್‌ನಿಂದ ಸಂಶೋಧಕರ ತಂಡವೊಂದು ಬಂದಿತ್ತು. ಮನೆಮನೆಗೆ ಹೋಗಿ ಹಾಲಿನ ಮಾದರಿ ತರುವ ಕೆಲಸ ಸೋನುನ್‌ಳದು. ತಂಡದ ಹಿರಿಯಳು ಗುಲಿಪಾ ಎಜೆ, ಅಂದರೆ ಗುಲಿಪಾ ಅಕ್ಕ, ಹಸಿ ಹಾಲಿಗೆ ನೀಲಿ ದ್ರಾವಣದ ತೊಟ್ಟು ಹಾಕಿ ನಳಿಗೆಯನ್ನು ಬೆಚ್ಚಗಿನ ನೀರಿನಲ್ಲಿ ನಿಲ್ಲಿಸುತ್ತಿದ್ದಳು. ಮೇಲೆ ತೇಲುವ ಕೆನೆ ಬೆಳ್ಳಗೇ ಉಳಿದರೆ ಚಿಂತೆಯಿಲ್ಲ. ಕೆನೆಯ ಸುತ್ತ ನೀಲಿ ಉಂಗುರ ಕಟ್ಟಿದರೆ ಆ ಹಸುವಿಗೆ ಕಂದು ಹಾಕುವ ರೋಗ ತಗುಲಿದೆಯೆಂದು ಅನುಮಾನ. ಊರಿನ ಹಾಲನ್ನೆಲ್ಲ ಹೊತ್ತು ತಂದ ಸೋನುನ್ ತನ್ನ ಮನೆಯ ಹಾಲನ್ನು ಮಾತ್ರ ತಂದಿರಲಿಲ್ಲ. "ನನ್ನ ಕೊಟ್ಟಿಗೆಗೆ ನಿನ್ನ ನಳಿಗೆ ತಂದೀಯೆ ಜೋಕೆ!" ಎಂದು ಅತ್ತೆ ಮೊದಲೇ ಗದರಿದ್ದಳು. ಆ ಬೈಗುಳದ ಮರೆಯಲ್ಲಿ ಸೋನುನ್ ತನ್ನ ಹೆದರಿಕೆಯನ್ನೂ ಬಚ್ಚಿಟ್ಟುಕೊಂಡಿದ್ದಳು.

ಒಂದು ದಿನ ಕುರುಬನೊಬ್ಬ ಗುಲಿಪಾಳನ್ನು ಕೇಳಿದ: "ಇದು ಮನುಷ್ಯರಿಗೂ ಹತ್ತುತ್ತಾ ಎಜೆ?"

"ಹತ್ತದೆ ಏನು? ಹಸಿ ಹಾಲು ಕುಡಿದ್ರೂ ಹತ್ತುತ್ತೆ, ಸತ್ತ ಕರುನ ಬರಿಗೈಲಿ ಎಳೆದ್ರೂ ಹತ್ತುತ್ತೆ. ಸಂಜೆ ಜ್ವರ, ರಾತ್ರಿ ಬೆವರು. ಆಮೇಲೆ ಸೊಂಟ ಹಿಡಿಯುತ್ತೆ. ಜನ ವಾತ ಅಂದ್ಕೊಂಡು ಕೂತಿರ್ತಾರೆ."

ಪಕ್ಕದಲ್ಲಿ ನಳಿಗೆಗಳಿಗೆ ಹೆಸರು ಬರೆಯುತ್ತಿದ್ದ ಸೋನುನ್ ಪೆನ್ನು ಕೆಳಗಿಟ್ಟಳು. ಹೋದ ಶರತ್ಕಾಲದಲ್ಲಿ ಕಶ್ಕಾ ತಿಂಗಳು ತುಂಬದ ಕರು ಹಾಕಿದ್ದಳು. ತೋಳಿನವರೆಗೂ ರಕ್ತ ಮಾಡಿಕೊಂಡು ಅದನ್ನು ಹೊರಗೆಳೆದವನು ಶೈಶೆನ್. ಕಣ್ಣುದೃಷ್ಟಿ ತಾಗಿತೆಂದು ಶಪಿಸುತ್ತ ಅತ್ತೆ ಅದನ್ನು ಬೇಲಿಯಾಚೆ ಹೂಳಿಸಿದ್ದಳು.

ಮರುದಿನ ಬೆಳಿಗ್ಗೆ ಕಶ್ಕಾಳ ಹಾಲನ್ನು ಸೋನುನ್‌ಳೇ ಕರೆದು ಗುಲಿಪಾಳ ಬಳಿಗೆ ಒಯ್ದಳು. ಮಧ್ಯಾಹ್ನದ ಹೊತ್ತಿಗೆ ನಳಿಗೆಯಲ್ಲಿ ಉಂಗುರ ಕಟ್ಟಿತ್ತು, ಕಡುನೀಲಿ. ಹಸುವಿನ ರಕ್ತ ಪರೀಕ್ಷಿಸಿದರು, ಗಂಡನ ರಕ್ತವನ್ನೂ ಪರೀಕ್ಷಿಸಿದರು. ಎರಡರಲ್ಲೂ ಒಂದೇ ರೋಗ. ಬೆನ್ನುಮೂಳೆಗೆ ಇಳಿದಿರಬಹುದು, ತಡಮಾಡದೆ ಬಿಷ್ಕೆಕ್‌ಗೆ ಕರೆದೊಯ್ಯಿರಿ ಎಂದರು ತಂಡದವರು.

ಅತ್ತೆ ನೆಲಕ್ಕೆ ಉಗುಳಿದಳು. "ನನ್ನ ಕೈಯಾರೆ ನನ್ನ ಮಗನಿಗೆ ವಿಷ ಹಾಕಿದೆ ಅಂತೀಯಾ? ನಿನ್ನ ನಾಲಿಗೆ ಸೇದಿ ಹೋಗಲಿ!"

ಭಾನುವಾರ ಸೋನುನ್ ಎದ್ದಾಗ ಗೂಟ ಖಾಲಿಯಿತ್ತು. ಮೈದುನ ಬೋಲೋತ್ ಹಸುವನ್ನು ಕರಾಕೋಲ್‌ನ ದನದ ಸಂತೆಗೆ ಹೊಡೆದುಕೊಂಡು ಹೋಗಿದ್ದ. ಹುಲ್ಲಿನ ಲಾರಿಗೆ ಅಡ್ಡ ನಿಂತು ಹತ್ತಿಕೊಂಡು, ತಲೆವಸ್ತ್ರ ಜಾರಿದ್ದೂ ತಿಳಿಯದೆ ಸೋನುನ್ ಸಂತೆಯೊಳಕ್ಕೆ ಓಡಿದಳು. ಕಶ್ಕಾಳ ಪಕ್ಕದಲ್ಲಿ ಒಬ್ಬ ಯುವಕ ವ್ಯಾಪಾರ ಕುದುರಿಸುತ್ತಿದ್ದ. ಅವನ ಹೆಂಡತಿ ಕಂಕುಳಲ್ಲಿ ಕೂಸನ್ನೆತ್ತಿಕೊಂಡು ಹಸುವಿನ ಕೆಚ್ಚಲನ್ನು ಆಸೆಯಿಂದ ಸವರುತ್ತಿದ್ದಳು.

"ಬೋಲೋತ್, ಹಗ್ಗ ಬಿಡು!"

ಅವನು ಅತ್ತಿಗೆಯನ್ನು ಪಕ್ಕಕ್ಕೆಳೆದ. ಕಣ್ಣಲ್ಲಿ ನೀರಿತ್ತು. "ಜೆಂಗೆ, ಕೈ ಮುಗೀತೀನಿ, ಸುಮ್ನಿರು. ಅಣ್ಣನ್ನ ಬಿಷ್ಕೆಕ್‌ಗೆ ಹೇಗೆ ಕರ್ಕೊಂಡು ಹೋಗ್ತೀಯ? ಇನ್ನೇನಿದೆ ನಮ್ಮ ಮನೇಲಿ ಮಾರೋಕೆ?"

ಹಾಸಿಗೆ ಹಿಡಿದ ಗಂಡ ಕಣ್ಣಮುಂದೆ ಬಂದ. ಹಗ್ಗಕ್ಕೆ ಚಾಚಿದ್ದ ಕೈಯನ್ನು ಅವಳು ಹಿಂದಕ್ಕೆಳೆದುಕೊಂಡಳು. ಅಷ್ಟರಲ್ಲಿ ಕೂಸಿನ ತಾಯಿ ಬೋಲೋತ್‌ನತ್ತ ತಿರುಗಿ ನಗುತ್ತ, "ಒಂದೆರಡು ಗುಟುಕು ಕರೆದು ಕೊಡು ಅಣ್ಣಾ, ಕೂಸಿಗೆ ರುಚಿ ತೋರಿಸ್ತೀನಿ," ಎಂದಳು.

"ಕೊಡ್ಬೇಡ!" ಸೋನುನ್ ಕಿರುಚಿದಳು. "ಈ ಹಸುಗೆ ರೋಗ ಇದೆ! ನನ್ನ ಗಂಡ ಇದ್ರ ಹಾಲು ಕುಡಿದೇ ಮಲಗಿದ್ದಾನೆ!"

ಸಂತೆ ಅವರ ಸುತ್ತ ನೆರೆಯಿತು. ಯುವಕ ಹಣ ಕೊಡಲು ಚಾಚಿದ್ದ ಕೈಯನ್ನು ಜೇಬಿಗೆ ಸೇರಿಸಿದ. "ಗಂಡನ ಮನೆ ಮಾನಕ್ಕೆ ಹಗ್ಗ ಕಟ್ಟಿ ಸಂತೆಗೆ ತಂದ್ಳಲ್ಲಪ್ಪ ಸೊಸೆ!" ಎಂದು ಮುದುಕನೊಬ್ಬ ಎಲ್ಲರಿಗೂ ಕೇಳುವಂತೆ ಹೇಳಿದ. ಅಕ್ಕಪಕ್ಕದವರು ತಮ್ಮ ಹಸುಗಳನ್ನು ದೂರ ಎಳೆದುಕೊಂಡರು. ಬೋಲೋತ್ ಹಗ್ಗವನ್ನು ಅವಳ ಕಾಲಬುಡಕ್ಕೆ ಎಸೆದು, ತಿರುಗಿ ನೋಡದೆ ಹೊರಟುಹೋದ. ಸಂತೆಯ ಪಶುವೈದ್ಯರು ಬರುವ ತನಕ ಅವಳು ಕಶ್ಕಾಳ ಕೊರಳು ತಬ್ಬಿಕೊಂಡು ನಿಂತಿದ್ದಳು. ಹಸು ಏನೂ ಅರಿಯದೆ ಅವಳ ತೋಳು ನೆಕ್ಕುತ್ತಿತ್ತು. ಅವರು ಅದನ್ನು ಕರೆದೊಯ್ದು ಅಂದೇ ಕೊಂದರು.

ಬೋಲೋತ್ ತನ್ನ ಕುದುರೆ ಮಾರಿದ. ಶೈಶೆನ್ ಬಿಷ್ಕೆಕ್ ಆಸ್ಪತ್ರೆಯಲ್ಲಿ ವಾರಗಟ್ಟಲೆ ಮಾತ್ರೆ ನುಂಗಿದ, ಸೂಜಿ ಚುಚ್ಚಿಸಿಕೊಂಡ. ಜ್ವರ ಬಿಟ್ಟಿತು, ಸೊಂಟ ನೆಟ್ಟಗಾಗಲಿಲ್ಲ. ಮೂಳೆ ಆಗಲೇ ಸವೆದಿತ್ತು. ಬೇಗ ಬಂದಿದ್ದರೆ ಮಾತು ಬೇರೆಯಿತ್ತು ಎಂದರು ವೈದ್ಯರು. ಉರುಮ್‌ಕಾನ್ ಸೊಸೆಯೊಂದಿಗೆ ಮಾತು ಬಿಟ್ಟಳು, ಅವಳು ಬಡಿಸಿದ ರೊಟ್ಟಿಯನ್ನೂ ಬಿಟ್ಟಳು. ಸಂತೆಯ ಸುದ್ದಿ ಹಬ್ಬಿದ ಮೇಲೆ ಊರಿನವರು ತಮ್ಮ ಹಸುವೂ ಹೋದೀತೆಂದು ಸೋನುನ್‌ಳನ್ನು ಕಂಡರೆ ಬಾಗಿಲು ಹಾಕಿಕೊಳ್ಳತೊಡಗಿದರು. ಒಂದು ಮನೆಯವರು ನಾಯಿಯನ್ನೇ ಬಿಟ್ಟರು. ಆದರೂ ಅವಳು ದಿನಾ ಪೆಟ್ಟಿಗೆ ಹೊತ್ತು ಹೊರಡುತ್ತಿದ್ದಳು, ಹೆಚ್ಚಿನ ದಿನ ಖಾಲಿ ನಳಿಗೆಗಳೊಂದಿಗೆ ಮರಳುತ್ತಿದ್ದಳು.

ಬೇಸಿಗೆಯಲ್ಲಿ ಊರಿನ ಕುರಿಗಳೆಲ್ಲ ಬೆಟ್ಟದ ಹುಲ್ಲುಗಾವಲಿಗೆ ಏರಿದ ದಿನ ಶೈಶೆನ್ ಹೊಸ್ತಿಲಲ್ಲಿ ಕುಳಿತು ನೋಡುತ್ತಿದ್ದ. ದೂಳು ಅಡಗಿದ ಮೇಲೆ ಕೇಳಿದ:

"ಕರು ಸತ್ತು ಬಿತ್ತಲ್ಲ, ಆವತ್ತೇ ನಿಂಗೆ ಗೊತ್ತಿತ್ತಾ?"

ಸುಳ್ಳು ಹೇಳಲು ಅವಳಿಂದ ಆಗಲಿಲ್ಲ. "ಅನುಮಾನ ಇತ್ತು. ಅಪಾಗೆ ಹೆದರಿದೆ. ನಿಜ ಆಗ್ಬಿಟ್ರೆ ಅಂತ್ಲೂ ಹೆದರಿದೆ."

ಅವನು ಹೊಸ್ತಿಲ ಮೇಲೆ ಕೂತ ದೂಳನ್ನು ಅಂಗೈಯಿಂದ ಒರೆಸಿದ.

"ಅಮ್ಮಂಗೆ ಇದನ್ನ ಹೇಳ್ಬೇಡ," ಎಂದ. "ನಿನ್ನ ಬಾಳೋಕೆ ಬಿಡಲ್ಲ."

ಆಮೇಲೆ ಏಳಲೆಂದು ಅವಳತ್ತ ಕೈ ಚಾಚಿದ. ಸೋನುನ್ ಎರಡೂ ಕೈಯಿಂದ ಹಿಡಿದು ಎತ್ತಿದಳು. ಅರ್ಧಕ್ಕೆದ್ದವನು ನೋವು ತಾಳಲಾರದೆ ತುಟಿ ಕಚ್ಚಿ ಮತ್ತೆ ಹೊಸ್ತಿಲ ಮೇಲೆಯೇ ಕುಸಿದ.