ಲಾರಿಗೆ ಅಮ್ಮ ಹಾಕಿದ ನಾಮ

ಗೆಳೆಯರೇ, ಇವತ್ತು ಕಾಮಸಮುದ್ರದ ಆಚೆ, ಆಂಧ್ರದ ಗಡಿಯಲ್ಲಿ ಪೊಲೀಸ್ ಪೇದೆಯೊಬ್ಬ ನನ್ನ ಲಾರಿ ತಡೆದ. ನಿನ್ನೆ ಆಯುಧಪೂಜೆಯಲ್ಲಿ ನಮ್ಮಮ್ಮ ಹಿಂದೆ ಮುಂದೆ ಎರಡೂ ನಂಬರ್ ಪ್ಲೇಟಿಗೆ ಕುಂಕುಮ ಮೆತ್ತಿದ್ದಳು. ‘ಎಂ’ ಕಾಣುತ್ತಿತ್ತು, ಅದರ ಪಕ್ಕದ ಅಕ್ಷರ ಮುಚ್ಚಿಹೋಗಿತ್ತು.

“ಎಂ.ಎಸ್. ಅಂದ್ರೆ ಮದ್ರಾಸು, ಎಂ.ವೈ. ಅಂದ್ರೆ ಮೈಸೂರು. ಇದಿ ಏದಿ, ಇದ್ಯಾವುದು?” ಎಂದ ಪೇದೆ. “ಬೊಟ್ಟು ಅಳಿಸು, ಇಲ್ಲಾಂದ್ರೆ ಗಾಡಿ ಸ್ಟೇಷನ್ನಿಗೆ ತಗೊಂಡು ನಡಿ.”

ನನ್ನ ಪಕ್ಕದಲ್ಲಿದ್ದ ಅಮ್ಮ ಕೆಳಗಿಳಿದಳು.

“ಅಬ್ಬದ್ ಕುಂಕುಮ ಅಳ್ಸಾದಾ? ನನ್ ಮಗ ಓಡ್ಸೋ ಗಾಡಿ ಕಣಪ್ಪಾ ಇದು. ಬೇಕಾದ್ರೆ ನೀನೇ ಅಳ್ಸು, ಪಾಪ ನಿಂಗೇ ಇರ್ಲಿ.”

ಪೇದೆಯ ಕೈ ಪ್ಲೇಟಿನವರೆಗೆ ಹೋಗಿ ಹಾಗೇ ವಾಪಸ್ ಬಂತು.

“ಆ ವೈ ಅನ್ನಾದು ಎಂಗಿರ್ತದ್ಲಾ?” ಎಂದು ಅಮ್ಮ ನನ್ನನ್ನು ಕೇಳಿದಳು. ಮಣ್ಣಿನಲ್ಲಿ ಬೆರಳಿಂದ ಬರೆದು ತೋರಿಸಿದೆ. ಅದನ್ನು ನೋಡಿದಳು, ತಲೆಯೆತ್ತಿ ಪೇದೆಯ ಹಣೆಯಿಂದ ಮೂಗಿನ ಮೇಲೆ ಬಾಲ ಇಳಿದಿದ್ದ ತಿರುಪತಿ ನಾಮ ನೋಡಿದಳು.

“ಅಯ್ಯೋ, ಇದೇ ಅಲ್ವಾ!”

ಎಲೆಅಡಿಕೆ ಚೀಲದಿಂದ ಸುಣ್ಣ ತೆಗೆದು, ಎರಡೂ ಪ್ಲೇಟಿನ ಕುಂಕುಮದ ಮೇಲೆ ಬೆಳ್ಳಗೆ ಒಂದೊಂದು ನಾಮ ಎಳೆದೇಬಿಟ್ಟಳು. ‘ಎಂ’ ಪಕ್ಕದಲ್ಲಿ ಸೊಗಸಾದ ‘ವೈ’! ಪೇದೆ ಒಂದು ಗಳಿಗೆ ನೋಡಿ, ಕೆನ್ನೆ ತಟ್ಟಿಕೊಂಡು ದಾರಿ ಬಿಟ್ಟ.

ನಾಳೆ ಬಂಗಾರಪೇಟೆಯಲ್ಲಿ ಯಾರಾದರೂ “ಪೊಲೀಸಿನವನಿಗೆ ನಾಮ ಹಾಕಿ ಗಡಿ ದಾಟಿದೆಯಂತೆ?” ಎಂದರೆ, ಹಾಕಿದ್ದು ನಿಜ ಎನ್ನುತ್ತೇನೆ. ಅವನಿಗಲ್ಲ, ಲಾರಿಗೆ.