ಚೀಕಲಪರ್ವಿಯ ಅಂಬಮ್ಮನ ಹೆಪ್ಪು

ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯಲ್ಲಿ ಬೆಳಗಿನ ಐದು ಗಂಟೆ. ಅಂಬಮ್ಮ ಕಾಸಿದ ಎಮ್ಮೆಹಾಲಿಗೆ ಕಿರುಬೆರಳು ಅದ್ದಿ ಎಣಿಸುತ್ತಾರೆ. ಐದರವರೆಗೆ ಬೆರಳು ತಾಳಿದರೆ ಮಾತ್ರ ಒಂದು ಚಮಚೆ ಹೆಪ್ಪು ಗಡಿಗೆಗೆ ಇಳಿಯುತ್ತದೆ. "ಅದಕ್ಕೂ ಜೀವ ಅದರಿ. ಸುಡೋ ಹಾಲಾಗ ಹಾಕಿದ್ರ ಸಾಯ್ತದ, ತಣ್ಣಗಿದ್ರ ಮಕ್ಕೊಂಡ್ಬಿಡ್ತದ" ಎನ್ನುತ್ತಾರೆ. ಹಾಲನ್ನು ಮೊಸರಾಗಿಸುವ ಸೂಕ್ಷ್ಮಜೀವಿಗಳ ಬಗ್ಗೆ ವಿಜ್ಞಾನ ಹೇಳುವುದೂ ಹೆಚ್ಚುಕಡಿಮೆ ಇದನ್ನೇ.

ಕುರಿ, ಎಮ್ಮೆ ಸಾಕುವ ಮನೆತನದ ಅಂಬಮ್ಮನಿಗೆ ಈಗ ಅರವತ್ತೆರಡು. ನಾಲ್ಕು ಎಮ್ಮೆ, ದಿನಕ್ಕೆ ಹದಿನೆಂಟು ಲೀಟರ್ ಹಾಲು. ಹಿಂದಿನ ದಿನದ ಮೊಸರನ್ನು ಬಸ್ಸಿನಲ್ಲಿ ಮಾನ್ವಿಗೆ ಒಯ್ದು ಇಪ್ಪತ್ಮೂರು ಮನೆಗಳಿಗೆ ಹಾಕುತ್ತಾರೆ. ಮೊಸರಿಗೆ ಬೆಲೆಯಿದೆ, ಹೆಪ್ಪಿಗಿಲ್ಲ, ಕೇಳಿದವರಿಗೆಲ್ಲ ಪುಕ್ಕಟೆ. ಆದರೆ ಕೊಟ್ಟ ಹೆಪ್ಪನ್ನು ಆ ಮನೆಯಿಂದ ಮರಳಿ ಕೇಳಬಾರದೆಂಬುದು ಅತ್ತೆ ಹಾಕಿಕೊಟ್ಟ ಕಟ್ಟಳೆ. ಹೆಪ್ಪೂ ಅತ್ತೆಯದೇ. ನಲವತ್ತೆರಡು ವರ್ಷ ಒಂದು ದಿನವೂ ತಪ್ಪದೆ ಗಡಿಗೆಯಿಂದ ಗಡಿಗೆಗೆ ಸಾಗಿಬಂದದ್ದು.

ಈ ಬೇಸಿಗೆಯಲ್ಲಿ ಅದು ತಪ್ಪಿತು. ಮದುವೆ ಮನೆಯೊಂದಕ್ಕೆ ಇದ್ದ ಮೊಸರನ್ನೆಲ್ಲ ಬಳಿದು ಕೊಟ್ಟು, ಹೆಪ್ಪಿಗೆಂದು ಒಂದು ಬಟ್ಟಲು ಮಾತ್ರ ಉಳಿಸಿಕೊಂಡಿದ್ದರು. ಆ ಮದುವೆಗೆ ಹೊರಟ ಬಸ್ಸಿನ ಹಾರ್ನ್ ಕೇಳಿದ ಅವಸರದಲ್ಲಿ ಬೆರಳು ಅದ್ದದೆ ಅಷ್ಟನ್ನೂ ಕುದಿಹಾಲಿಗೆ ಸುರಿದರು. ಹಾಲು ಒಡೆಯಿತು.

"ಮೂರು ದಿನ ಉಂಡಿಲ್ಲರಿ" ಎಂಬುದು ಅಂಬಮ್ಮನ ಹೇಳಿಕೆ. ಸೊಸೆ ರಾಧಾ ಹೇಳುವುದೇ ಬೇರೆ: "ಒಂದ ಹೊತ್ತು ರೀ. ಸಂಜಿಗೆ ಎರಡು ರೊಟ್ಟಿ ತಿಂದ್ರು. ಅಂಗಡಿ ಪಾಕೀಟ ಮೊಸರು ತರ್ಲೇನತ್ತಿ ಅಂದಿದ್ದಕ್ಕ ಮೂರನೇ ರೊಟ್ಟಿ ನನ್ನ ಮ್ಯಾಲ ಒಗಿಯಾಕ ಬಂದಿದ್ರು!"

ಮೊಸರಿಲ್ಲವೆಂದು ಮನೆಮನೆಗೆ ತಿಳಿಸಲು ಮಾನ್ವಿಗೆ ಹೋದ ಅಂಬಮ್ಮ, ಬಟ್ಟೆ ಹೊಲಿಯುವ ಇಮಾಮ್ ಬೀಯ ಬಾಗಿಲಲ್ಲಿ ಹಾಲು ಒಡೆದ ಸುದ್ದಿ ಹೇಳಿ ಕುಳಿತರು. ಹನ್ನೊಂದು ವರ್ಷದ ಹಿಂದೆ ಇಮಾಮ್ ಬೀಗೆ ಹೆಪ್ಪು ಕೊಟ್ಟವರು ಅಂಬಮ್ಮನೇ; ಅದು ಆ ಮನೆಯಲ್ಲಿ ಇನ್ನೂ ಸಾಗಿಬಂದಿತ್ತು.

"ಹೆಪ್ಪು ಕೇಳಾಕ ಬಂದೀಯೇನಕ್ಕಾ?"

"ಕೇಳಂಗಿಲ್ಲವ್ವಾ. ದಣಿವಾಗಿತ್ತು, ಕುಂತೀನಿ."

ಇಮಾಮ್ ಬೀ ನಗುತ್ತ ಒಳಗೆ ಹೋಗಿ, ಎರಡು ರೊಟ್ಟಿಯ ಮೇಲೆ ಒಂದು ಡಬ್ಬಿ ಗಟ್ಟಿ ಮೊಸರಿಟ್ಟು ಕಟ್ಟಿ ತಂದರು. "ಇದು ಹೆಪ್ಪಲ್ಲ, ಬುತ್ತಿ. ದಾರ್ಯಾಗ ಉಣ್ಣು. ಉಳಿದ್ರ ಚೆಲ್ಲಬ್ಯಾಡ ಮತ್ತ."

ಅಂಬಮ್ಮ ದಾರಿಯಲ್ಲಿ ಬರಿ ರೊಟ್ಟಿ ತಿಂದರು.

ಮರುದಿನ ಗಡಿಗೆಯ ಮೊಸರು ನೆಕ್ಕಿ ನೋಡಿದರೆ ಅದೇ ಹುಳಿ. ಯಾರ ಹೆಪ್ಪೆಂದು ಕೇಳುವವರಿಗೆ ಅಂಬಮ್ಮನ ಉತ್ತರ ಈಗ ಕೊಂಚ ಉದ್ದವಾಗಿದೆ: "ಮೊದ್ಲು ನಮ್ಮತ್ತಿದು ಅಂತಿದ್ದೆ. ಈಗ ನಮ್ಮತ್ತಿದು, ಇಮಾಮ್ ಬೀದು ಅಂತೀನ್ರಿ."