ಶಿವರುದ್ರಮ್ಮ ನೀರು ನಿಲ್ಲಿಸಿದ ದಿನ

ಹೆಬ್ಬೂರು ದಾಟಿ ಕುಣಿಗಲ್ ಕಡೆಗೆ ಹೋಗುವಾಗ ಸಿಗುವ ಒಂದು ಹಳ್ಳಿಯಲ್ಲಿ ಕುಡಿಯುವ ನೀರು ಪರೀಕ್ಷಿಸುವವರು ಶಿವರುದ್ರಮ್ಮ. ಏಳನೇ ಕ್ಲಾಸಿನವರೆಗೆ ಓದಿದವರು. ಪಂಚಾಯಿತಿಯವರು ಎರಡು ದಿನ ತರಬೇತಿ ಕೊಟ್ಟು ಕೈಗೊಂದು ಕಿಟ್ ಕೊಟ್ಟಿದ್ದರು. ಹೊಳೆಗೆ ಕಟ್ಟಿದ ಜಲಾಶಯದಿಂದ ಊರಿಗೆ ಬರುವ ನೀರನ್ನು ವಾರಕ್ಕೊಮ್ಮೆ ಸೀಸೆಯಲ್ಲಿ ಹಿಡಿದು, ಹನಿ ಹಾಕಿ, ಬಣ್ಣ ನೋಡಿ ಬರೆದಿಡುತ್ತಿದ್ದರು.

ಕಳೆದ ಮೇ ತಿಂಗಳಲ್ಲಿ ಎರಡು ಜೋರು ಮಳೆಯಾಗಿ, ಮೇಲಿನ ಹೊಲಗಳ ಗೊಬ್ಬರವೆಲ್ಲ ಕೊಚ್ಚಿಕೊಂಡು ಬಂದು ಜಲಾಶಯ ಸೇರಿತು. ಆಮೇಲೆ ಹತ್ತು ದಿನ ಉರಿಬಿಸಿಲು. ಸೋಮವಾರ ಬೆಳಿಗ್ಗೆ ಶಿವರುದ್ರಮ್ಮ ಹೋದಾಗ ದಡದುದ್ದಕ್ಕೂ ಹಸಿರು ಪೇಂಟು ಚೆಲ್ಲಿದಂತಿತ್ತು. ಎರಡು ಎಮ್ಮೆಗಳು ಕಾಲು ಚಾಚಿ ಸತ್ತು ಬಿದ್ದಿದ್ದವು. ಬಾಯಿಯ ಸುತ್ತ ಅದೇ ಹಸಿರು.

ಅಲ್ಲೇ ದಡದಲ್ಲಿ ಕೂತು ಪರೀಕ್ಷೆ ಮಾಡಿದರು. ಎಲ್ಲವೂ ಸರಿ ಬಂತು. ಮತ್ತೊಮ್ಮೆ ಮಾಡಿದರೂ ಸರಿಯೇ. ಅದೇ ಅವರನ್ನು ಹೆಚ್ಚು ಹೆದರಿಸಿತು. ಎಮ್ಮೆಗಳನ್ನು ಕೊಂದದ್ದು ಏನೇ ಆಗಿರಲಿ, ಅದನ್ನು ತೋರಿಸುವ ಹನಿ ಆ ಪೆಟ್ಟಿಗೆಯಲ್ಲಿರಲಿಲ್ಲ.

ಪಂಪ್‌ಹೌಸಿಗೆ ಓಡಿದರು. ವಾಟರ್‌ಮ್ಯಾನ್ ಬೀರಯ್ಯ ಒಪ್ಪಲಿಲ್ಲ.

"ಕಿಟ್ಟೇ ಸರಿಯಾಗೈತೆ ಅಂದ್ಮೇಲೆ ನಿಂದೇನಕ್ಕಾ? ನೀರು ನಿಲ್ಸಿದ್ರೆ ಜನ ನನ್ನ ಸುಮ್ನೆ ಬುಡ್ತಾರಾ?"

"ಎಮ್ಮೆ ಸತ್ತವೆ ಕಣೋ. ಮೋಟ್ರು ಆಫ್ ಮಾಡು. ಬೈಸ್ಕೊಳೋದು ನಾನು ಬೈಸ್ಕೊತೀನಿ."

ಮೋಟಾರು ನಿಂತ ಮೇಲೆ ಅವರಿಗೆ ನೆನಪಾಯಿತು. ಊರಿಗೆಲ್ಲ ಮೊದಲು ಅವರ ಮನೆಯ ನಲ್ಲಿಗೇ ಮುಂಜಾನೆ ನೀರು ಬಂದಿತ್ತು. ಮೊಮ್ಮಗಳು ಭೂಮಿಕಾ ಅದನ್ನೇ ಬಾಟಲಿಗೆ ತುಂಬಿಕೊಂಡು ಟ್ಯೂಷನ್ನಿಗೆ ಹೋಗಿದ್ದಳು. ಏದುಸಿರು ಬಿಡುತ್ತ ಅಲ್ಲಿಗೆ ಮುಟ್ಟುವಷ್ಟರಲ್ಲಿ ಬಾಟಲಿ ಅರ್ಧ ಖಾಲಿಯಾಗಿತ್ತು.

ಸಂಜೆ ಹುಡುಗಿ ವಾಂತಿ ಮಾಡತೊಡಗಿದಳು. ತುಮಕೂರಿನ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿ, ಕಾದು ನೋಡೋಣ ಎಂದರು. ಅತ್ತ ಊರಿನವರು ಫೋನ್ ಮಾಡಿ, ಕಾಯಿಸಿ ಕುಡಿದರೆ ಸಾಕಲ್ಲವೇ, ನೀರು ಬಿಡಿಸು ಎಂದು ರೇಗುತ್ತಿದ್ದರು. ಕಾಯಿಸಿದರೆ ಸಾಕೋ ಸಾಲದೋ ಶಿವರುದ್ರಮ್ಮನಿಗೂ ಗೊತ್ತಿರಲಿಲ್ಲ. ನೀರಿನಲ್ಲಿ ವಿಷವಿದೆ ಎಂಬ ತಮ್ಮ ಲೆಕ್ಕ ತಪ್ಪಾಗಿರಲಿ ಎಂದೇ ಮಂಚದ ಪಕ್ಕ ಕೂತು ಬೇಡಿಕೊಂಡರು. ಆದರೂ ನೀರು ಬಿಡಲು ಹೇಳಲಿಲ್ಲ.

ನಾಲ್ಕನೇ ದಿನ, ಪಂಚಾಯಿತಿಯಿಂದ ಕಳಿಸಿದ್ದ ಸೀಸೆ ನೀರಿನ ಲ್ಯಾಬ್ ವರದಿ ಬಂತು. ನೀರಿನಲ್ಲಿದ್ದದ್ದು ಪಾಚಿಯ ವಿಷ, ಕಾಯಿಸಿದರೂ ಹೋಗುವಂಥದ್ದಲ್ಲ. ಅಷ್ಟರಲ್ಲಿ ಭೂಮಿಕಾ ಗಂಜಿ ಕುಡಿಯುತ್ತಿದ್ದಳು. ಊರಿನಲ್ಲಿ ಬೇರೆ ಯಾರಿಗೂ ಏನೂ ಆಗಲಿಲ್ಲ. ಹೊಸ ನೀರು ಬರುವವರೆಗೆ ಟ್ಯಾಂಕರ್ ಓಡಿತು.

ಭೂಮಿಕಾ ಈಗಲೂ ನಲ್ಲಿಯ ನೀರನ್ನು ಮೂಸಿ ನೋಡಿಯೇ ಕುಡಿಯುತ್ತಾಳೆ. ಹಾಗೆ ಮಾಡಬೇಡ ಎನ್ನಲು ಅಜ್ಜಿಗೆ ಬಾಯಿ ಬರುವುದಿಲ್ಲ.